ಗುಂಡಿಗೊಂದು ಕೊಡ ನೀರು

ಚಿತ್ತಾಪುರ ದಾಟಿದ ಮೇಲೆ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು, ಅಂಬರೇಶ ಕೂರಲಿಲ್ಲ. ಕೂತರೆ ಕಣ್ಣು ಹತ್ತುತ್ತದೆ, ಕಣ್ಣು ಹತ್ತಿದರೆ ಕೋಟೆಯ ಹತ್ತಿರ ಇಳಿಯದೆ ಸೇಡಂ ತನಕ ಹೋಗಿಬಿಡುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ. ನಿಜಕ್ಕೂ ಹಾಗೆ ಹೋಗಿಬಿಡಬೇಕೆಂಬ ಆಸೆಯೇ ಅವನನ್ನು ಹೆದರಿಸಿ ನಿಲ್ಲಿಸಿತ್ತು. ಬೆಳಿಗ್ಗೆ ವಾಡಿಯಲ್ಲಿ ಮನೆ ಬಿಡುವಾಗ ಹೆಂಡತಿ ಸುನಿತಾ ಅವನ ಬೂಟು ಒರೆಸಿ ಹೊಸ್ತಿಲ ಪಕ್ಕ ಜೋಡಿಸಿಟ್ಟಿದ್ದಳು. ದಪ್ಪ ರಬ್ಬರಿನ ತಳದ, ಕರೆಂಟಿನ ಕೆಲಸದವರಿಗೆಂದೇ ಮಾಡಿದ ಬೂಟು. "ದೊಡ್ಡ ಸಾಹೇಬ್ರು ಬರೋ ದಿನ ಅದ, ಕಾಲಾಗ ಧೂಳ ಇರಬಾರ್ದು" ಎಂದಿದ್ದಳು. ಅವಳಿಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲದವರ ಜೊತೆ ಒಂದೂವರೆ ತಿಂಗಳು ಉಂಡು, ಮಲಗಿ, ಮಾತಾಡಿ ಅವನಿಗೆ ಈಗ ಯಾರ ಮುಖ ಕಂಡರೂ ಸಿಟ್ಟು ಬರುತ್ತಿತ್ತು. ಟಿಕೆಟ್ ಕೇಳಿದ ಕಂಡಕ್ಟರನಿಗೂ ಸುಮ್ಮಸುಮ್ಮನೆ ರೇಗಿದ್ದ. ಕಂಡಕ್ಟರ್ ಅವನನ್ನು ಮೇಲಿಂದ ಕೆಳಗೆ ನೋಡಿ, "ಮನ್ಯಾಗಿನ ಜಗಳ ಮನ್ಯಾಗೇ ಇಟ್ಟ ಬರಬೇಕ್ರೀ" ಎಂದು ಹಿಂದಕ್ಕೆ ಹೋಗಿದ್ದ. ನಾಲ್ಕು ಜನ ನಕ್ಕಿದ್ದರು.

ಹನ್ನೊಂದಕ್ಕೆ ತಪಾಸಣೆ. ಕಾಗಿಣಾ ದಂಡೆಯ ಕೋಟೆ ನೋಡಲು ಹೈದರಾಬಾದಿನಿಂದಲೂ ಕಲಬುರಗಿಯಿಂದಲೂ ಬ್ಯಾಟರಿ ಕಾರುಗಳಲ್ಲಿ ಬರುವವರಿಗಾಗಿ ರಸ್ತೆಬದಿಯಲ್ಲಿ ಚಾರ್ಜಿಂಗ್ ಸ್ಟೇಷನ್ ಎದ್ದಿದೆ. ಫರಸಿ ಕಲ್ಲು ಹಾಸಿದ ಕಟ್ಟೆ, ಕಟ್ಟೆಯ ಮೇಲೆ ಆಳೆತ್ತರದ ಎರಡು ಕಬ್ಬಿಣದ ಪೆಟ್ಟಿಗೆ, ತಲೆಯ ಮೇಲೆ ಕೋಟೆಯ ಚಿತ್ರ ಬರೆಸಿದ ತಗಡು. ಇವತ್ತು ಅಳೆದು ಪಾಸು ಮಾಡಿದರೆ ಸೋಮವಾರ ಉದ್ಘಾಟನೆ. ಪೆಟ್ಟಿಗೆಯ ಒಳಗಿನ ಕರೆಂಟು ಎಂದಾದರೂ ದಾರಿ ತಪ್ಪಿ ಪೆಟ್ಟಿಗೆಯ ಮೈಗೆ ಬಂದರೆ ಅದು ಮನುಷ್ಯನನ್ನು ಹಿಡಿಯದೆ ನೆಲಕ್ಕೆ ಇಳಿದುಹೋಗಲಿ ಎಂದು ಪಕ್ಕದಲ್ಲಿ ಎರಡು ಗುಂಡಿ ತೋಡಿ ಹತ್ತು ಹತ್ತು ಫೂಟಿನ ಪೈಪು ಇಳಿಸಬೇಕು. ಈ ಕೆಲಸದ ಇಂಜಿನಿಯರ್ ಅಂಬರೇಶ ಇಳಿಸಿದ್ದು ನಾಲ್ಕು ಫೂಟು. ಹತ್ತು ಎಂದು ಬರೆದ ಕಾಗದದ ಕೆಳಗೆ ಅವನ ಸಹಿ ಇದೆ. ಇನ್ನು ಆ ಪೆಟ್ಟಿಗೆಗಳನ್ನು ದಿನಾ ಬೆಳಿಗ್ಗೆ ಒದ್ದೆ ಅರಿವೆಯಿಂದ ಒರೆಸುವವಳು ಇಮಾಮ್ಬೀ. ತೊಳೆದ ಕಟ್ಟೆಯ ಮೇಲೆ, ಬರಿಗಾಲಲ್ಲಿ. ಕರೆಂಟು ತಪ್ಪಿದರೆ ಕಡಿದುಹಾಕುವ ಸ್ವಿಚ್ಚು ಒಳಗಿದೆಯಲ್ಲ ಎಂದು ಅವನು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದ. ಆ ಸ್ವಿಚ್ಚನ್ನು ಕಳಿಸಿದವನೂ ನಾಲ್ಕು ಫೂಟಿಗೇ ಮುಗಿಸು ಎಂದ ಕಂತ್ರಾಟದಾರ ಭಾಗಣ್ಣನೇ ಎಂಬುದು ನೆನಪಾದ ಕೂಡಲೇ ಸಮಾಧಾನ ಕರಗುತ್ತಿತ್ತು.

ಗುಂಡಿ ತೋಡಿದ್ದು ಇಮಾಮ್ಬೀಯ ಗಂಡ ಮಜೀದಸಾಬ. ಮೂವತ್ತು ವರ್ಷ ಶಹಾಬಾದಿನ ಖಣಿಗಳಲ್ಲಿ ಫರಸಿ ಎಬ್ಬಿಸಿದ ಕೈ. ನಾಲ್ಕು ಫೂಟಿಗೆ ಹಾರೆ ಠಣ್ ಎಂದಾಗ ಮಜೀದಸಾಬ ಕೆಲಸ ನಿಲ್ಲಿಸಿ ಮೇಲೆ ನೋಡಿದ್ದ, ಅಂಬರೇಶ ಕೆಳಗೆ ನೋಡಿದ್ದ. ಇಬ್ಬರಿಗೂ ಆ ಸದ್ದು ಗೊತ್ತಿತ್ತು. ಅಂಬರೇಶನ ಅಪ್ಪ ಕಾಶಪ್ಪನೂ ಖಣಿಯವನೇ. ಹಾಸುಗಲ್ಲಿನ ಮೇಲೆ ಮೊಣಕಾಲೂರಿ ಸುತ್ತಿಗೆಯಿಂದ ಒಂದೇ ಒಂದು ಪೆಟ್ಟು ಹಾಕಿ, ತಲೆ ವಾರೆ ಮಾಡಿ, ಎಷ್ಟು ಪದರ ಇವೆ, ಎಲ್ಲಿ ಬಿಡುತ್ತದೆ ಎಂದು ಹೇಳುತ್ತಿದ್ದ. ಮಧ್ಯಾಹ್ನ ಬುತ್ತಿ ಒಯ್ದ ಅಂಬರೇಶನನ್ನೂ ಕೂರಿಸಿ, "ಈಗ ಕೇಳು. ಇದು ಟೊಳ್ಳ ಅದ. ಇದು ಗಟ್ಟಿ ಅದ. ಕೇಳ್ತಾ?" ಎಂದು ತಟ್ಟಿ ತೋರಿಸುತ್ತಿದ್ದ. ಪಾಲಿಟೆಕ್ನಿಕ್ಕಿನಲ್ಲಿ ಹುಡುಗರು ಅವನಿಗೆ ಫರಸಿ ಎಂದೇ ಹೆಸರಿಟ್ಟಿದ್ದರು. ಹಾಸ್ಟೆಲಿನ ನೆಲಕ್ಕೆ ಕಾಲಿಡುವ ಮುಂಚೆ ತಟ್ಟಿ ನೋಡಪ್ಪ, ಗಟ್ಟಿ ಇದೆಯಾ ಎಂದು ಕಾಡುತ್ತಿದ್ದರು. ಖಣಿಯಿಂದ ದೂರ ಹೋಗಲೆಂದೇ ಅವನು ಕರೆಂಟು ಓದಿದ್ದು. ಓದಿ, ಕೆಲಸ ಹಿಡಿದು, ಮತ್ತೆ ಹಾಸುಗಲ್ಲಿನ ಮೇಲೇ ಬಂದು ನಿಂತಿದ್ದ. ಗೊತ್ತಾಗಲಿಲ್ಲ ಎಂದು ಹೇಳುವ ದಾರಿಯನ್ನು ಅಪ್ಪ ಎಂದೋ ಮುಚ್ಚಿ ಹೋಗಿದ್ದ. ಅಂದು ಗುಂಡಿಯೊಳಗಿಂದ ಮಜೀದಸಾಬ ಹೇಳಿದ್ದು ಒಂದೇ ಮಾತು. "ಎಂಟ ದಿನ ಕೊಡ್ರಿ ಸಾಬ. ಬೆಣಿ ಹೊಡದು ಒಂದೊಂದ ಪದರ ಎಬ್ಬಸ್ತೀನಿ. ಹತ್ತ ಫೂಟ ಇಳಸೇ ಮ್ಯಾಲ ಬರ್ತೀನಿ." ಅಂಬರೇಶ ಭಾಗಣ್ಣನಿಗೆ ಫೋನು ಮಾಡಿದ. ಭಾಗಣ್ಣ ಮದುವೆ ಮನೆಯಲ್ಲಿದ್ದ, ಹಿಂದೆ ಬ್ಯಾಂಡಿನ ಗಲಾಟೆ. "ಎರಡ ದಿನದಾಗ ಮುಗೀಬೇಕು. ಪೈಪ ಕೊಯ್ದ ಹಾಕು. ನೆಲದ ಒಳಗ ಯಾರ್ ಇಳದ ನೋಡ್ತಾರ?" ಕೊಯ್ಯುವಾಗ ಪೈಪು ಅಲುಗದಂತೆ ಎರಡೂ ಕೈಯಿಂದ ಹಿಡಿದು ಕೂತವನು ಅಂಬರೇಶ. ಕಿಡಿ ಹಾರಿ ಮುಂಗೈಗೆ ತಾಗಿದ್ದು ಇನ್ನೂ ಚಿಕ್ಕ ಕಲೆಯಾಗಿ ಉಳಿದಿದೆ. ಮಜೀದಸಾಬ ಹಾರೆ ಹೆಗಲಿಗೇರಿಸಿಕೊಂಡು, "ಅರ್ಧಾ ಕೆಲಸಕ್ಕ ನನ್ನ ಯಾಕ ಕರದ್ರಿ" ಎಂದು ಹೋದವನು ಮತ್ತೆ ಈ ಕಡೆ ತಲೆ ಹಾಕಿಲ್ಲ.

ಬಸ್ಸಿಳಿದಾಗ ಹತ್ತೂ ಆಗಿರಲಿಲ್ಲ, ಬಿಸಿಲು ಆಗಲೇ ಕಣ್ಣಿಗೆ ಹೊಡೆಯುತ್ತಿತ್ತು. ಇಮಾಮ್ಬೀ ಕೊಡ ಹಿಡಿದು ಬೋರಿನ ಕಡೆಯಿಂದ ಬರುತ್ತಿದ್ದಳು. ಗುಂಡಿಯ ಸುತ್ತ ಉಪ್ಪು, ಇದ್ದಿಲು ತುಂಬಿದ್ದಾರೆ, ಅದು ಒಣಗಬಾರದು, ದಿನಾ ಗುಂಡಿಗೊಂದು ಕೊಡ ನೀರು ಹಾಕಬೇಕು ಎಂದು ಅವಳಿಗೆ ಹೇಳಿಕೊಟ್ಟವನು ಅವನೇ. ಎಲ್ಲ ಗುಂಡಿಗೂ ಹಾಗೆ ನೀರು ಹಾಕುವುದಿದೆ, ಸುಳ್ಳೇನಲ್ಲ. ಆದರೆ ಇಲ್ಲಿ ಕರೆಂಟನ್ನು ನೆಲಕ್ಕೆ ಇಳಿಸಲು ಆ ಎರಡು ಕೊಡದ ಹೊರತು ಬೇರೆ ಏನೂ ಇಲ್ಲ ಎಂಬುದನ್ನು ಅವನು ಹೇಳಿರಲಿಲ್ಲ. ಒಣಗಿದ ದಿನ ಅವನು ನೆಲ ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಮೀಟರು ಹಚ್ಚಿ ನೋಡಿದ್ದ, ಮುಳ್ಳು ನಲವತ್ತು ಓಮ್ ದಾಟಿತ್ತು. ಐದರ ಒಳಗೆ ಇರಬೇಕಾದದ್ದು. ಇಮಾಮ್ಬೀ ಅವನನ್ನು ಕಂಡು ನಡಿಗೆ ಚುರುಕು ಮಾಡಿದಳು, ಕೊಡದ ನೀರು ತುಳುಕಿ ಸೀರೆ ನೆನೆಯಿತು. ಐವತ್ತು ದಾಟಿದ ಹೆಂಗಸು, ಮಂಡಿ ನೋವಿದೆ, ಇಳಿಜಾರಿನಲ್ಲಿ ಪಕ್ಕಕ್ಕೆ ವಾಲಿ ನಡೆಯುತ್ತಾಳೆ.

"ಇವತ್ತ ನಾಕ ಕೊಡ ಹಾಕೀನ್ರಿ ಸಾಬ," ಎಂದಳು. "ಸಾಹೇಬ್ರು ಬರ್ತಾರಂತ ಹೇಳಿದ್ರೆಲ್ಲಾ, ಇನ್ನೆರಡ ಹೆಚ್ಚಿಗಿ ಇರ್ಲಿ ಅಂದೆ. ಇದು ಐದನೇದು."

"ಯಾಕ ಆಪಾ, ಸಾಕಿತ್ತಲ್ಲ."

"ಇರ್ಲಿ ಬಿಡ್ರಿ. ನನ್ನ ಕೆಲಸದಾಗ ಒಂದ ಮಾತ ಬರಬಾರ್ದು."

ಅವಳು ಗುಂಡಿಯ ಮುಚ್ಚಳ ಸರಿಸಿ ನೀರು ಬಿಟ್ಟಳು. ನೀರು ಗುಳುಗುಳು ಎಂದು ಇಳಿಯಿತು, ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು, ಆಮೇಲೆ ನೀರು ಮೇಲೇ ನಿಂತುಬಿಟ್ಟಿತು. ತಳದಲ್ಲಿ ಕಲ್ಲು. ಅಂಬರೇಶ ಬೇರೆ ಕಡೆ ನೋಡಿದ. ಪೆಟ್ಟಿಗೆ ಕಾಯುವ ಕೆಲಸವನ್ನು ಅವಳಿಗೆ ಕೊಡಿಸಿದವನೂ ಅವನೇ. ಪಕ್ಕದಲ್ಲೇ ಚಾದ ಅಂಗಡಿ ಇಡಲು ಭಾಗಣ್ಣನನ್ನು ಒಪ್ಪಿಸಿದವನೂ ಅವನೇ. ಅಂಗಡಿಗೆ ಬಿಸಿಲ ಕಡೆ ಒಂದು ಇಳಿಮಾಡು ಬೇಕಾಗಿತ್ತು, ಕಂಬವಿರಲಿಲ್ಲ. ಕೊಯ್ದು ಉಳಿದ ಆರಾರು ಫೂಟಿನ ಎರಡು ಪೈಪು ಬಿದ್ದಿದ್ದವಲ್ಲ, ಅವನ್ನು ಅವಳೇ ಕೇಳಿದಳು. ಬಿದ್ದಲ್ಲೇ ಬಿದ್ದಿದ್ದರೆ ಯಾರಾದರೂ ನೋಡುತ್ತಾರೆ ಎಂಬ ಭಯದಲ್ಲಿದ್ದ ಅವನು ತಗೊಂಡು ಹೋಗು ಎಂದುಬಿಟ್ಟ. ಆ ಭಯವನ್ನು ಅವಳು ದೊಡ್ಡ ಮನಸ್ಸು ಎಂದು ತಿಳಿದಳು. ಅಂದಿನಿಂದ ಅವನು ಬಂದಾಗಲೆಲ್ಲ ಮೊದಲ ಚಾ ಅವನಿಗೆ. ಪೈಪಿನ ಒಂದು ತುದಿಯನ್ನು ನೆಲದಲ್ಲಿ ಹೂಳಿದ್ದರಿಂದ ಮಾಡು ಗಿಡ್ಡವಾಗಿತ್ತು, ಒಳಗೆ ಹೋಗಬೇಕಾದರೆ ಅವನು ತಲೆ ಬಗ್ಗಿಸಲೇಬೇಕು. ನೆಲದೊಳಗೆ ನೀರು ಜಿನುಗಲಿ ಎಂದು ಪೈಪಿನ ಕೆಳಭಾಗಕ್ಕೆ ಸಾಲಾಗಿ ತೂತು ಕೊರೆದಿರುತ್ತಾರೆ. ಕೊಯ್ದಾಗ ಉಳಿದದ್ದು ಆ ತೂತಿನ ಭಾಗವೇ. ಇಮಾಮ್ಬೀ ಆ ತೂತುಗಳಿಗೆ ಸುತಳಿ ಪೋಣಿಸಿ ಚಿಪ್ಸಿನ ಪಾಕೀಟು, ಬಿಸ್ಕೀಟು, ಶಾಂಪೂ ಚೀಟಿ ತೂಗುಹಾಕಿದ್ದಳು. ಕೆಲಸ ಬಲ್ಲ ಯಾರೇ ಆಗಲಿ ಒಂದು ಸಲ ನೋಡಿದರೆ ಸಾಕು. ರಸ್ತೆಯ ಪಕ್ಕದಲ್ಲಿ, ಹಗಲು ಬೆಳಕಿನಲ್ಲಿ, ಅವನ ತಪ್ಪು ನೆಟ್ಟಗೆ ನಿಂತು ಅವಳ ಮಾಡನ್ನು ಹೊತ್ತಿತ್ತು. ಒಂದೂವರೆ ತಿಂಗಳಿಂದ ಯಾರೂ ನೋಡಿರಲಿಲ್ಲ.

ಇವತ್ತು ಹೇಳಿಬಿಡಬೇಕು ಎಂದು ನಿನ್ನೆ ಅವನು ನಿರ್ಧರಿಸಿದ್ದ. ಹೇಳಿದರೆ ಏನಾಗುತ್ತದೆ ಎಂದು ಚಾ ಲೋಟ ಹಿಡಿದು ಮತ್ತೆ ಲೆಕ್ಕ ಹಾಕಿದ. ತನ್ನ ಕೆಲಸ ಹೋಗುತ್ತದೆ, ಅದು ಖಂಡಿತ. ಸಹಿ ತನ್ನದು, ಭಾಗಣ್ಣನದಲ್ಲ. ಸ್ಟೇಷನ್ನಿಗೆ ಬೀಗ ಬೀಳುತ್ತದೆ. ಬೀಗ ಬಿದ್ದರೆ ಇಮಾಮ್ಬೀಗೆ ಕಾಯುವ ಕೆಲಸವಿಲ್ಲ, ಚಾ ಕುಡಿಯುವವರಿಲ್ಲ, ಸಾಕ್ಷಿಗೆಂದು ಈ ಎರಡು ಕಂಬ ಕಿತ್ತರೆ ನೆರಳೂ ಇಲ್ಲ. ಹೀಗೆ ಅವಳನ್ನು ಮುಂದೆ ಮಾಡಿಕೊಂಡು ಯೋಚಿಸುವುದು ಎಷ್ಟು ಸಲೀಸಾಗಿ ಬರುತ್ತಿದೆಯಲ್ಲ ಎಂದು ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಅವಳು ಬದುಕಿರಲಿ ಎಂದೇ ಹೇಳಬೇಕಾದ ಮಾತನ್ನು ಅವಳ ಹೆಸರಿನಲ್ಲೇ ನುಂಗುತ್ತಿದ್ದ. ಫೋನು ಬಡಿದುಕೊಂಡಿತು, ಭಾಗಣ್ಣ. "ಏನೂ ಮಾತಾಡಬ್ಯಾಡ. ಅವ್ರು ಕೇಳಿದ್ದಕ್ಕ ಹೌದ್ರಿ ಅನ್ನು. ಗುಂಡಿ ಹಸೀ ಇಟ್ಟೀ ಇಲ್ಲೋ?" ಅಂಬರೇಶ ಹೌದ್ರಿ ಎಂದ.

ತಪಾಸಣೆಯ ಅಧಿಕಾರಿ ಸಿದ್ದಣ್ಣ ಹನ್ನೊಂದೂವರೆಗೆ ಬಂದರು. ದೊಡ್ಡ ಮೈ, ಬಿಳಿ ಮೀಸೆ, ನಿವೃತ್ತಿಗೆ ಐದಾರು ತಿಂಗಳು ಉಳಿದಿರಬಹುದು. ಜೀಪಿನಿಂದ ಇಳಿದವರೇ ಬಿಸಿಲಿಗೆ ಬೈದರು. ಆದರೆ ಕೆಲಸ ಗೊತ್ತಿದ್ದ ಮನುಷ್ಯ. ಅಂಬರೇಶ ಮೀಟರಿನ ಮೊಳೆಗಳನ್ನು ಗುಂಡಿಯ ಹತ್ತಿರ ನೆಡಲು ಹೋದಾಗ, "ದೂರ ಹಾಕಪಾ, ಹತ್ರ ಹಾಕಿದ್ರ ಏನ್ ಅಳದಂಗಾಯ್ತು" ಎಂದರು. ಆ ಮಾತು ಕೇಳಿ ಅಂಬರೇಶನಿಗೆ ಎದೆ ಹಗುರಾಯಿತು. ಇವರು ಹಿಡಿಯುತ್ತಾರೆ. ತಾನು ಹೇಳುವುದೇ ಬೇಕಿಲ್ಲ, ಮುಳ್ಳೇ ಹೇಳುತ್ತದೆ. ದೂರ ಹೋಗಿ ಮೊಳೆ ಹೊಡೆಯಲು ನೋಡಿದ. ಅಲ್ಲೂ ಗೇಣುದ್ದಕ್ಕೇ ಕಲ್ಲು, ಮೊಳೆ ಬಗ್ಗಿತು. ಸಿದ್ದಣ್ಣ ಸ್ವಲ್ಪ ಹೊತ್ತು ನೋಡಿ, ಬೆವರು ಒರೆಸಿಕೊಂಡು, "ಹೋಗ್ಲಿ, ಎಲ್ಲಿ ಇಳೀತದ ಅಲ್ಲೇ ಹೊಡಿ" ಎಂದರು. ಇಳಿದದ್ದು ಗುಂಡಿಯ ಪಕ್ಕದ ಹಸಿಯಲ್ಲಿ, ಇಮಾಮ್ಬೀಯ ಐದನೇ ಕೊಡ ತುಳುಕಿದ ಕಡೆ. ಮುಳ್ಳು ಮೂರು ದಾಟಿ ನಾಲ್ಕರ ಹತ್ತಿರ ಬಂದು ನಡುಗಿ ನಿಂತಿತು. ಇಮಾಮ್ಬೀ ದೂರದಿಂದ, "ಬರಾಬರ್ ಅದ ಏನ್ರಿ?" ಎಂದು ಕೇಳಿದಳು. ಸಿದ್ದಣ್ಣ ಅವಳ ಕಡೆ ತಿರುಗಿ, "ಭಾಳ ಛಲೋ ಅದವ್ವಾ. ನೀನೇ ಏನು ನೀರ ಹಾಕಾಕಿ?" ಎಂದರು. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ನಕ್ಕಳು. ಅಷ್ಟು ಸಂತೋಷವನ್ನು ಅಂಬರೇಶ ಅವಳ ಮುಖದಲ್ಲಿ ಮೊದಲು ನೋಡಿರಲಿಲ್ಲ. ಅವಳ ಕೈಯಿಂದಲೇ ಅವಳನ್ನು ಸಿಕ್ಕಿಸಿಬಿಟ್ಟೆನಲ್ಲ ಎಂದುಕೊಳ್ಳುತ್ತ ಅವನು ಮೊಳೆಗಳನ್ನು ಕಿತ್ತ.

ಕಾಗದಕ್ಕೆ ಸಹಿ ಹಾಕುವ ಮುಂಚೆ ಸಿದ್ದಣ್ಣ ಚಾ ಕುಡಿಯಲು ಮಾಡಿನೊಳಗೆ ಬಂದರು. ಅವರೂ ತಲೆ ಬಗ್ಗಿಸಿದರು, ಆದರೂ ತಗಡಿನ ಅಂಚು ನೆತ್ತಿಗೆ ತಾಗಿತು. "ಇಷ್ಟ ತೆಳಗ ಯಾಕ ಹಾಕೀದಿ?" ಎಂದು ನೆತ್ತಿ ಉಜ್ಜಿಕೊಳ್ಳುತ್ತ ಕಂಬಕ್ಕೆ ಕೈ ಊರಿದರು. ಬೆರಳು ಒಂದು ತೂತಿಗೆ ಸಿಕ್ಕಿತು. ಅವರು ಬಿಸ್ಕೀಟಿನ ಸರವನ್ನು ಪಕ್ಕಕ್ಕೆ ಸರಿಸಿ ಆ ತೂತನ್ನು ನೋಡಿದರು. ಅದರ ಮೇಲಿನದನ್ನು ನೋಡಿದರು, ಕೆಳಗಿನದನ್ನೂ. ಕಿರುಬೆರಳನ್ನು ಒಳಗೆ ತೂರಿಸಿ ತಿರುವಿದರು. ನೋಡಲಿ, ನೋಡಲಿ ಎಂದು ಅಂಬರೇಶ ಉಸಿರು ಹಿಡಿದ. ಅಪ್ಪ ಹಾಸುಗಲ್ಲಿಗೆ ಕಿವಿ ಕೊಟ್ಟು ಕೂತಾಗ ಚಿಕ್ಕಂದಿನಲ್ಲಿ ಅವನು ಹೀಗೆಯೇ ಉಸಿರು ಹಿಡಿಯುತ್ತಿದ್ದ, ಎಲ್ಲಿ ಉಸಿರಿನ ಸದ್ದಿಗೆ ಅಪ್ಪನಿಗೆ ಕಲ್ಲಿನ ಮಾತು ತಪ್ಪಿಹೋಗುತ್ತದೋ ಎಂದು.

"ಈ ಕಂಬ ಎಲ್ಲಿಂದ ತಂದೀದಿ ಅವ್ವಾ?"

"ಇಂಜಿನೇರ ಸಾಬ ಕೊಟ್ಟಾರ್ರೀ," ಎಂದಳು ಇಮಾಮ್ಬೀ. ಚಾ ಸೋಸುತ್ತಿದ್ದ ಕೈ ನಿಲ್ಲಿಸಿ ಅಂಬರೇಶನ ಕಡೆ ತೋರಿಸಿದಳು. "ಉಳದಿದ್ದು ಬಿದ್ದಿತ್ತು, ಒಯ್ಯಿ ಅಂದ್ರು. ಬ್ಯಾರೇದವ್ರ ಆಗಿದ್ರ ಗುಜರಿಗಿ ಹಾಕ್ತಿದ್ರು. ನನ್ನ ತಮ್ಮ ಇದ್ದಂಗ ಅದಾರ್ರಿ."

ಸಿದ್ದಣ್ಣ ಅಂಬರೇಶನನ್ನು ನೋಡಿದರು. ಕೆಂಪಡರಿದ, ದಣಿದ ಕಣ್ಣು. ಅಂಬರೇಶ ಬಾಯಿ ತೆರೆದ. ನಾಲ್ಕೇ ಫೂಟು ಸಾಹೇಬ್ರೆ. ಮಾತು ನಾಲಿಗೆಯ ತುದಿಯಲ್ಲಿತ್ತು, ಅದರ ಉಪ್ಪು ಕೂಡ ತಿಳಿಯುತ್ತಿತ್ತು. ಇಮಾಮ್ಬೀ ಇಬ್ಬರ ನಡುವೆ ಚಾದ ತಟ್ಟೆ ಚಾಚಿದಳು. ಸಿದ್ದಣ್ಣ ಒಂದು ಲೋಟ ತೆಗೆದುಕೊಂಡರು, ಅಂಬರೇಶನೂ ಒಂದು ತೆಗೆದುಕೊಂಡ. ಸಿದ್ದಣ್ಣ ನಿಧಾನವಾಗಿ, ತಳದವರೆಗೆ ಕುಡಿದರು. "ಚಾ ಛಲೋ ಮಾಡೀದಿ. ನೀರ ಹಾಕೋದು ಮಾತ್ರ ಒಂದ ದಿನಾನೂ ಬಿಡಬ್ಯಾಡವ್ವಾ," ಎಂದರು. ಆಮೇಲೆ ಜೀಪಿನ ಮೂತಿಯ ಮೇಲೆ ಕಾಗದ ಹರವಿ ಸಹಿ ಹಾಕಿದರು. ಜೀಪು ಹತ್ತಿ ಕೂತು, ಕಾಗದ ಕೊಡಲು ಕೈ ಹೊರಚಾಚಿದಾಗ ಅಂಬರೇಶನಿಗಷ್ಟೇ ಕೇಳುವಂತೆ, "ಆ ಕಂಬಗೋಳಿಗಿ ಬಣ್ಣ ಹಚ್ಚಸು. ತೂತ ಮುಚ್ಚಿಸಿ ಹಚ್ಚಸು" ಎಂದರು. ಜೀಪು ಹೋಯಿತು.

ಹಿಡಿದುಹಾಕುವವನು ಒಬ್ಬ ಬರುತ್ತಾನೆ ಎಂದು ಒಂದೂವರೆ ತಿಂಗಳು ನಂಬಿದ್ದ. ಆ ನಂಬಿಕೆ ಇದ್ದದ್ದರಿಂದಲೇ ರಾತ್ರಿ ನಿದ್ದೆ ಬರುತ್ತಿತ್ತು ಎಂದು ಈಗ ತಿಳಿಯಿತು. ಬಂದವನು ಬಂದ, ನೋಡಿದ, ಬಣ್ಣ ಹಚ್ಚಿಸು ಎಂದು ಹೋದ. ಇನ್ನು ಬರುವವರು ಯಾರೂ ಇಲ್ಲ. ಕಾಗದ ಕೈಯಲ್ಲಿ ಬೆವರಿಗೆ ಮೆತ್ತಗಾಯಿತು. ಅಂಬರೇಶ ಕಟ್ಟೆಯ ಮೇಲೆ ಹೋಗಿ ಒಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ಬಿಸಿಲಿಗೆ ಕಾದಿತ್ತು, ಅಷ್ಟೇ. ಅವನ ಕಾಲಲ್ಲಿ ಬೂಟಿತ್ತು. ಪಕ್ಕದಲ್ಲಿ ಇಮಾಮ್ಬೀ ಸಾಹೇಬರ ಬೂಟಿನ ಗುರುತು ಬಿದ್ದ ಫರಸಿಗೆ ನೀರು ಚಿಮುಕಿಸಿ ಒರೆಸುತ್ತಿದ್ದಳು. ಅವಳ ಹಿಮ್ಮಡಿ ಒಡೆದು ಬಿಳಿಚಿತ್ತು, ಹೆಬ್ಬೆರಳಿನ ಉಗುರು ಎಂದೋ ಜಜ್ಜಿ ಕಪ್ಪಾಗಿತ್ತು. ಒರೆಸುತ್ತ ಒರೆಸುತ್ತ ಆಸರೆಗೆ ಒದ್ದೆ ಕೈಯನ್ನು ಪೆಟ್ಟಿಗೆಯ ಮೇಲೆ ಊರಿದಳು.

"ಆಪಾ, ಬರಿಗಾಲಾಗ ಇಲ್ಲಿ ನಿಂದ್ರಬ್ಯಾಡ್ರಿ."

"ಯಾಕ್ರಿ? ಕಟ್ಟಿ ಹೊಲಸಾಗ್ತದ ಚಪ್ಪಲ ಹಾಕ್ಕೊಂಡ್ರ."

"ಕರೆಂಟಿನ ಕೆಲಸ ಅದ. ಹಂಗ ನಿಂದ್ರಬಾರ್ದು."

"ನೀವ್ ಮಾಡಿದ್ದು ಅಂದ ಮ್ಯಾಲ ನನಗೇನ್ ಅಂಜಿಕಿ," ಎಂದು ಅವಳು ನಕ್ಕು ಬಟ್ಟೆ ಹಿಂಡಿದಳು.

ಅವನು ಕಟ್ಟೆಯ ಅಂಚಿಗೆ ಕೂತು ಬೂಟಿನ ಲಾಡಿ ಬಿಚ್ಚತೊಡಗಿದ. ಗಂಟು ಬಿಗಿಯಾಯಿತು, ಹಲ್ಲಿನಿಂದ ಕಚ್ಚಿ ಬಿಡಿಸಿದ. ಎರಡನ್ನೂ ತೆಗೆದು ಅವಳ ಮುಂದೆ ಜೋಡಿಸಿಟ್ಟ. "ಇವು ಹಾಕ್ಕೊಂಡ ಕೆಲಸ ಮಾಡ್ರಿ. ನೀರ ಹಾಕುವಾಗ, ಒರಸುವಾಗ, ದಿನಾ. ನನ್ನ ಮ್ಯಾಲ ಆಣಿ ಅದ." ಇಮಾಮ್ಬೀ ಅವನ ಕಾಲುಚೀಲ ನೋಡಿದಳು, ಬೂಟು ನೋಡಿದಳು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಂದನ್ನು ಎತ್ತಿ ತಳವನ್ನು ಒತ್ತಿ ನೋಡಿದಳು. ಕಣ್ಣಲ್ಲಿ ನೀರು ತಂದುಕೊಂಡಳು. ಮೊದಲು ಕಂಬ, ಈಗ ಬೂಟು, ಅಲ್ಲಾ ನಿಮ್ಮನ್ನ ಚೆಂದ ಇಡ್ಲಿ ಎಂದು ಅವನ ತಲೆಗೆ ಎರಡೂ ಕೈ ತೋರಿಸಿ ತನ್ನ ಹಣೆಯ ಪಕ್ಕಕ್ಕೆ ಲಟಿಕೆ ಮುರಿದಳು. ಅಂಬರೇಶ ತಲೆ ಬಗ್ಗಿಸಿಯೇ ಇದ್ದ. ಇದನ್ನು ಕೊಟ್ಟದ್ದು ಯಾಕೆ ಎಂದು ಹೇಳಲು ಇನ್ನೂ ಹೊತ್ತು ಮೀರಿರಲಿಲ್ಲ. ಅವನು ಎದ್ದು ಬಸ್ಸಿಗೆಂದು ರಸ್ತೆಯ ಆಚೆ ಬದಿಗೆ ನಡೆದ. ಡಾಂಬರು ಕಾಲುಚೀಲದೊಳಗಿಂದ ಸುಟ್ಟಿತು. ಸುಡಲಿ ಎಂದುಕೊಂಡ, ಹಾಗೆ ಅಂದುಕೊಂಡದ್ದಕ್ಕೂ ನಾಚಿಕೆಯಾಯಿತು.

ಆಚೆ ಬದಿಯ ಬೇವಿನ ಗಿಡದ ಕೆಳಗೆ ನಿಂತು ನೋಡಿದ. ಇಮಾಮ್ಬೀ ಬೂಟು ಹಾಕಿಕೊಂಡಿರಲಿಲ್ಲ. ಸೆರಗಿನಿಂದ ಅವುಗಳ ಧೂಳು ಒರೆಸಿ, ಎರಡರ ಲಾಡಿಯನ್ನೂ ಸೇರಿಸಿ, ಬಿಸ್ಕೀಟಿನ ಸರ ತೆಗೆದು, ಕಂಬದ ಮೇಲಿನ ತೂತಿಗೆ ಲಾಡಿ ಪೋಣಿಸಿ ಬೂಟುಗಳನ್ನು ತೂಗುಹಾಕುತ್ತಿದ್ದಳು. ಅವನು ಕೈ ಎತ್ತಿ ಬೇಡ ಎಂಬಂತೆ ಆಡಿಸಿದ. ಅವಳು ಅದನ್ನು ಹೋಗಿ ಬರುತ್ತೇನೆ ಎಂದು ತಿಳಿದು ತಾನೂ ಕೈ ಎತ್ತಿದಳು.

"ಇಷ್ಟ ಹೊಸಾವು ನೀರಾಗ ಯಾಕ ಹಾಳ ಮಾಡ್ಲಿ ಸಾಬ," ಎಂದು ಆಚೆಯಿಂದಲೇ ಕೂಗಿ ಹೇಳಿದಳು. "ಮಜೀದಸಾಬಗ ಇಟ್ಟೀನಿ. ಹಬ್ಬಕ್ಕ ಹಾಕ್ಕೋತಾರ."

ಚಿತ್ತಾಪುರದ ಬಸ್ಸು ಬಂತು. ಬಸ್ಸು ಅಡ್ಡ ನಿಲ್ಲುವ ಮುಂಚೆ ಅವಳು ಕೊಡ ಎತ್ತಿಕೊಂಡು ಬೋರಿನ ಕಡೆ ವಾಲುತ್ತ ನಡೆಯುವುದು ಕಂಡಿತು, ಆರನೆಯ ಕೊಡಕ್ಕೆ. ಕಂಡಕ್ಟರ್ ಬೆಳಗಿನವನೇ. ಮೆಟ್ಟಿಲ ಮೇಲಿದ್ದ ಅವನ ಕಾಲು ನೋಡಿ ಈ ಸಲ ಸರಿದು ದಾರಿ ಬಿಟ್ಟ. ಅಂಬರೇಶ ಹತ್ತಿದ, ಖಾಲಿ ಜಾಗ ನೋಡಿ ಕೂತ, ಟಿಕೆಟ್ ತೆಗೆಸಿದ.